ಗಾಳಿಗೆ ಜಾತಿ ಇಲ್ಲ ಅಂತಾರೆ

ಸ್ವಲ್ಪ ಉದ್ದದ ಪೋಸ್ಟ್ ಗೆಳೆಯರೇ. ಪುರುಸೊತ್ತು ಮಾಡಿ ಓದಿ. ಅರ್ಧ ಓದಿ ಕಮೆಂಟ್ ಹಾಕಬೇಡಿ.

ಮಲೇರಿಯಾ ಅನ್ನುವ ಪದದ ಅರ್ಥ ಎಂತ ಗೊತ್ತುಂಟಾ? ನಮ್ಮ ಮಂಗಳೂರಿನವರಿಗೆ ಆ ಜ್ವರದ ಪರಿಚಯ ಯಾರೂ ಮಾಡಿಕೊಡಬೇಕಾಗಿಲ್ಲ. ಆದರೆ ಪದದ ಅರ್ಥ ತುಂಬಾ ಜನಕ್ಕೆ ಗೊತ್ತಿಲ್ಲ. ಇಟಲಿ ಭಾಷೆಯಲ್ಲಿ 'ಮಾಲ್ ಆರಿಯಾ' ಅಂದರೆ ಕೆಟ್ಟ ಗಾಳಿ. ಜೌಗು ನೆಲದಿಂದ, ಕೊಳೆತ ವಸ್ತುವಿನಿಂದ ಏಳುವ ದುರ್ವಾಸನೆಯೇ ರೋಗ ತರುತ್ತದೆ ಎಂದು ಯುರೋಪಿನ ವೈದ್ಯರು ನೂರಾರು ವರ್ಷ ನಂಬಿದ್ದರು. ಕಾಲರಾ, ಪ್ಲೇಗ್, ಚಳಿಜ್ವರ ಎಲ್ಲದಕ್ಕೂ ಅದೇ ಕಾರಣ. ಲಂಡನ್ನಿನ ನೈರ್ಮಲ್ಯ ಸುಧಾರಣೆಯ ದೊಡ್ಡ ಹೆಸರು ಎಡ್ವಿನ್ ಚಾಡ್ವಿಕ್. ಆತ 1846ರಲ್ಲಿ ಅಲ್ಲಿನ ಸಂಸತ್ ಸಮಿತಿಯ ಮುಂದೆ ಹೇಳಿದ್ದರ ಸಾರ ಇಷ್ಟೇ: ವಾಸನೆ ಎಂದರೇ ರೋಗ.

ಈ ಸಿದ್ಧಾಂತ ಹಡಗು ಹತ್ತಿ ಇಂಡಿಯಾಕ್ಕೆ ಬಂತು. ವಾಸನೆಯೇ ರೋಗವಾದರೆ ಮದ್ದು ಸುಲಭ, ವಾಸನೆಯನ್ನು ದೂರ ಸಾಗಿಸಿದರೆ ಆಯ್ತು. ಸಾಹೇಬರ ಬಂಗಲೆ ಗುಡ್ಡದ ಮೇಲೆ, ಗಾಳಿ ಬರುವ ಕಡೆ. ಕಸ, ಮಲ, ಚರ್ಮ, ಸತ್ತ ದನ ಎಲ್ಲ ಊರ ಹೊರಗೆ, ಗಾಳಿ ಹೋಗುವ ಕಡೆ. ಸರಿ, ಅದನ್ನು ಹೊತ್ತು ಸಾಗಿಸುವವರು ಯಾರು? ಸಾಗಿಸಿದ ಮೇಲೆ ಅದರ ಪಕ್ಕದಲ್ಲಿ ಬದುಕುವವರು ಯಾರು? ಈ ಪ್ರಶ್ನೆಗೆ ಇಂಗ್ಲಿಷಿನವರು ತಲೆ ಕೆಡಿಸಿಕೊಳ್ಳಬೇಕಾಗಿ ಬರಲಿಲ್ಲ. ಉತ್ತರ ಇಲ್ಲಿ ಮೊದಲೇ ತಯಾರಿತ್ತು.

ತುಳುನಾಡಿನ ನಮ್ಮ ಕೊರಗ ಸಮುದಾಯದ ಕತೆ ಕೇಳಿ. ವಾಲ್‌ಹೌಸ್ ಅನ್ನುವ ಬ್ರಿಟಿಷ್ ಅಧಿಕಾರಿ ಬರೆದದ್ದು, ಆಮೇಲೆ ಎಡ್ಗರ್ ಥರ್ಸ್‌ಟನ್ 1909ರಲ್ಲಿ ತಂದ ಏಳು ಸಂಪುಟಗಳ ಜಾತಿ ಬುಡಕಟ್ಟುಗಳ ಪುಸ್ತಕದಲ್ಲಿ ಸೇರಿಸಿದ್ದು. 'ಅಂಡೆ ಕೊರಗ' ಎಂಬ ಒಂದು ಪಂಗಡ ಹಿಂದೆ ಇತ್ತಂತೆ. ಅವರ ಕೊರಳಿಗೆ ಸದಾ ಒಂದು ಪಾತ್ರೆ ಕಟ್ಟಿರಬೇಕು. ಯಾಕೆ? ದಾರಿಯಲ್ಲಿ ಉಗುಳಬಾರದು, ಉಗುಳಿದರೆ ನೆಲ ಮೈಲಿಗೆ. ಅದಕ್ಕೆ ಆ ಅಂಡೆಯೊಳಗೇ ಉಗುಳಬೇಕು. ಕೊರೊನಾ ಕಾಲದಲ್ಲಿ ಎರಡು ವರ್ಷ ಮೂಗು ಬಾಯಿ ಮುಚ್ಚಿಕೊಂಡು ನಮಗೆಲ್ಲ ಉಸಿರು ಕಟ್ಟಿದ ಹಾಗಾಯ್ತಲ್ಲ, ಇನ್ನೊಬ್ಬರ ಉಸಿರಿಗೆ ಹೆದರುವುದು ಏನೆಂದು ಆಗ ಇಡೀ ದೇಶಕ್ಕೆ ಗೊತ್ತಾಯ್ತು. ನಮ್ಮ ಊರಲ್ಲಿ ಒಂದು ಜನವರ್ಗಕ್ಕೆ ಅದು ಹುಟ್ಟಿನಿಂದ ಸಾವಿನವರೆಗೆ ಇತ್ತು. ವೈರಸ್ ಇಲ್ಲದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಗಾಳಿ ಎಲ್ಲರದ್ದು, ಗಾಳಿಗೆ ಜಾತಿ ಇಲ್ಲ ಅನ್ನುವ ಮಾತನ್ನು ನಮ್ಮವರೂ ಭಾಷಣದಲ್ಲಿ ಹೇಳ್ತಾರೆ. ನೀರಿನ ಬಗ್ಗೆ ಹಾಗೆ ಹೇಳಲಿಕ್ಕೆ ಆಗುವುದಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆಯ ನೀರು ಕುಡಿದ ಮೇಲೆ ನೀರಿಗೆ ಜಾತಿ ಉಂಟು ಎಂದು ಲೋಕಕ್ಕೇ ಗೊತ್ತಾಯಿತು. ಬಾವಿಗೆ ಕಟ್ಟೆ ಇರುತ್ತದೆ, ಕೆರೆಗೆ ಮೆಟ್ಟಿಲು ಇರುತ್ತದೆ, ತಡೆಯುವವನು ಕಣ್ಣಿಗೆ ಕಾಣುತ್ತಾನೆ. ಗಾಳಿಯಲ್ಲಿ ತಡೆಯುವವನು ಕಾಣುವುದಿಲ್ಲ. ಅಲ್ಲಿ ಯಾರೂ ನಿನಗೆ ಗಾಳಿ ಇಲ್ಲ ಅನ್ನುವುದಿಲ್ಲ. ಕೆಟ್ಟ ಗಾಳಿ ಇರುವಲ್ಲಿ ನಿನಗೆ ಜಾಗ ಕೊಡ್ತಾರೆ, ಅಷ್ಟೆ.

ಮಂಗಳೂರಿಗೆ ಪುರಸಭೆ ಬಂದದ್ದು 1866ರಲ್ಲಿ. ಪಟ್ಟಣ ಬೆಳೆಯುತ್ತಿದ್ದ ಕಾಲ. ಅದರ ಹಿಂದಿನ ವರ್ಷವೇ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದರು. ಮುಂದೆ ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಹಂಚಿನ ಗೂಡುಗಳು ಎದ್ದವು, ಕಟ್ಟಿಗೆ ಹೊಗೆ ಎದ್ದಿತು. ಪಟ್ಟಣಕ್ಕೆ ಗುಡಿಸುವವರು ಬೇಕಾಯಿತು, ಪಾಯಿಖಾನೆಯ ಬಕೆಟ್ ಎತ್ತುವವರು ಬೇಕಾಯಿತು. ಬುಟ್ಟಿ ಹೆಣೆಯುತ್ತಿದ್ದ ಕೊರಗರನ್ನೂ ಉಳಿದ ಅಸ್ಪೃಶ್ಯ ಜಾತಿಗಳನ್ನೂ ಆ ಕೆಲಸಕ್ಕೆ ಹಚ್ಚಿದರು. ಹಳೇ ಮೈಲಿಗೆಗೆ ಹೊಸದಾಗಿ ಸಂಬಳದ ರಿಜಿಸ್ಟರ್ ಬಂತು, ಅಷ್ಟೇ ವ್ಯತ್ಯಾಸ.

ಘಟ್ಟದ ಮೇಲೂ ಹೀಗೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಇಕ್ಕಟ್ಟಿನ ಪೇಟೆ ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಗೆ ಹೋದರು. ಅಗಲ ರಸ್ತೆ, ಗಾಳಿ ಬೆಳಕು, ಮನೆ ಸುತ್ತ ಜಾಗ. ಆ ಮನೆಗಳ ಹಿಂದೆ ಒಂದು ಸಣ್ಣ ಓಣಿ ಬಿಟ್ಟಿದ್ದರು, ಇವತ್ತಿಗೂ ಅಲ್ಲಲ್ಲಿ ಉಂಟು, ಕನ್ಸರ್ವೆನ್ಸಿ ಲೇನ್ ಅಂತಾರೆ. ಪಾಯಿಖಾನೆ ಬಳಿಯಲು ಬರುವವರು ಎದುರಿನ ರಸ್ತೆಯಲ್ಲಿ ಬರಬಾರದು, ಆ ಓಣಿಯಲ್ಲಿ ಬಂದು ಆ ಓಣಿಯಲ್ಲೇ ಹೋಗಬೇಕು. ಊರಿನ ನಕ್ಷೆಯಲ್ಲೇ ಶುದ್ಧ ಗಾಳಿಯ ದಾರಿ ಬೇರೆ, ನಮ್ಮ ದಾರಿ ಬೇರೆ.

ಈಗ 1897ಕ್ಕೆ ಬನ್ನಿ. ಆ ವರ್ಷದ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡ. ಜ್ವರ ಕೆಟ್ಟ ಗಾಳಿಯಿಂದ ಬರುವುದಲ್ಲ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ಅದಕ್ಕೂ ಮೊದಲೇ ಕಾಲರಾದ ರೋಗಾಣುವನ್ನು ರಾಬರ್ಟ್ ಕಾಖ್ ತೋರಿಸಿಯಾಗಿತ್ತು, 1884ರಲ್ಲಿ ಕಲ್ಕತ್ತೆಯ ಕೆರೆಯ ನೀರಿನಲ್ಲೂ ಅದನ್ನು ಕಂಡಿದ್ದ. ವಾಸನೆಯೇ ರೋಗ ಅನ್ನುವ ಸಿದ್ಧಾಂತ ಅಲ್ಲಿಗೆ ಸತ್ತಿತು.

ಅದೇ 1897ರಲ್ಲಿ ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ, ವಕೀಲ. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು. ಅವರ ಜಾತಿಯವರು ಅವರನ್ನು ಹೊರಗಿಟ್ಟರು. ಶಾಲೆ ಸುಡುವವರಿಗೆ, ಕಲಿಸಲು ಬಾರದ ಮಾಸ್ತರರಿಗೆ ಹೆದರದೆ ನಡೆಸಿದರು. ನಮ್ಮವರಿಗೆ ಮನೆ ಕಟ್ಟಿಕೊಳ್ಳಲು ಜಾಗ ಮಾಡಿಸಿಕೊಟ್ಟರು. ಅವರ ಒಂದು ಆಸೆ ನಮ್ಮೂರಿನಲ್ಲಿ ಎಲ್ಲರ ಬಾಯಲ್ಲೂ ಉಂಟು: ದಲಿತರ ಮಗು ಓದಿ, ಸರ್ಕಾರಿ ಕೆಲಸ ಹಿಡಿದು, ಇದೇ ಊರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು, ಆಗ ತನ್ನ ಜನ್ಮ ಸಾರ್ಥಕ ಎಂದು. ನಮ್ಮನ್ನು ಕಂಡರೆ ಗಾಳಿಯೇ ಮೈಲಿಗೆ ಎಂದುಕೊಂಡಿದ್ದ ಊರಲ್ಲಿ ನಮ್ಮ ಧೂಳನ್ನು ತಲೆಗೆ ಬಯಸಿದ ಮನುಷ್ಯ. 1928ರಲ್ಲಿ ತೀರಿಕೊಂಡರು.

ಹಾಗಾಗಿ 1897ರಲ್ಲಿ ಎರಡು ಕೆಲಸ ಆಗಿತ್ತು. ವಾಸನೆ ರೋಗವಲ್ಲ ಎಂದು ವಿಜ್ಞಾನ ಹೇಳಿತ್ತು. ವಾಸನೆಯ ಕೆಲಸಕ್ಕೆ ಹುಟ್ಟಿದವರು ಯಾರೂ ಇಲ್ಲ ಎಂದು ರಂಗರಾಯರು ಹೇಳಿದ್ದರು. ಆದರೆ ಊರ ಹೊರಗೆ ಹಾಕಿದ್ದ ಕೇರಿಯನ್ನು ಯಾರೂ ಒಳಗೆ ತರಲಿಲ್ಲ. ಸಿದ್ಧಾಂತ ಹೋಯಿತು, ವ್ಯವಸ್ಥೆ ಉಳಿಯಿತು. ಜಾತಿ ಎಂದರೆ ಕೆಲಸದ ವಿಂಗಡಣೆಯಲ್ಲ, ಕೆಲಸಗಾರರನ್ನೇ ವಿಂಗಡಿಸಿ ಮೆಟ್ಟಿಲಲ್ಲಿ ಇಡುವುದು ಎಂದು ಬಾಬಾಸಾಹೇಬರು 1936ರಲ್ಲಿ ಬರೆದದ್ದನ್ನು ಇಲ್ಲಿ ನೆನಪು ಮಾಡಿಕೊಳ್ಳಿ. ಆ ಮೆಟ್ಟಿಲಿನ ಕೆಳಗೆ ಇರುವವನ ಪಾಲಿಗೆ ಮೇಲಿನವರ ಹೊಗೆಯೂ ಬರುತ್ತದೆ.

ಮಲ ಹೊರುವುದು ಎಪ್ಪತ್ತರ ದಶಕದವರೆಗೆ ರಾಜಾರೋಷವಾಗಿ ನಡೆಯಿತು. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪನವರನ್ನು 1973ರ ಬೂಸಾ ಗಲಾಟೆಯಲ್ಲಿ ಹೇಗೆ ಕೆಳಗಿಳಿಸಿದರು ಅನ್ನುವುದು ನಿಮಗೆಲ್ಲ ಗೊತ್ತಿದ್ದದ್ದೇ. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಕೊರಗರಿಗೆ ಎಂಜಲು, ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ. ಇಸವಿ ಸರಿಯಾಗಿ ನೋಡಿಕೊಳ್ಳಿ, ಎರಡು ಸಾವಿರ.

ಇನ್ನೊಂದು ವಿಷಯ ಉಂಟು. ಮಲದ ಗುಂಡಿ, ಒಳಚರಂಡಿಯೊಳಗೆ ಇಳಿದವರು ಸಾಯುವುದು ಹೊಲಸಿನಿಂದ ಅಲ್ಲ, ಗಾಳಿಯಿಂದ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಇರುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆ ವಾಸನೆ. ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಸಾಯಿಸುತ್ತದೆ, ವಾಸನೆ ಬರುವುದು ನಿಲ್ಲುತ್ತದೆ. ಈಗ ಪರವಾಗಿಲ್ಲ ಅಂತ ಒಳಗಿದ್ದವನು ಅಂದುಕೊಳ್ಳುವ ಹೊತ್ತಿಗೆ ಮುಗಿದಿರುತ್ತದೆ. ಒಬ್ಬ ಬಿದ್ದ ಎಂದು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. 2022ರ ಏಪ್ರಿಲ್‌ನಲ್ಲಿ ನಮ್ಮ ಮಂಗಳೂರಿನ ಎಸ್‌ಇಝಡ್‌ನ ಒಂದು ಮೀನು ಸಂಸ್ಕರಣಾ ಘಟಕದಲ್ಲಿ ಹೀಗೆಯೇ ತ್ಯಾಜ್ಯದ ಟ್ಯಾಂಕಿಗೆ ಇಳಿದು ಐದು ಹುಡುಗರು ಸತ್ತರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ವಾಸನೆಯೇ ರೋಗ ಎಂದು ನಂಬಿದ ಚಾಡ್ವಿಕ್‌ಗೆ ಗೊತ್ತಿರಲಿಲ್ಲ, ಕೊಲ್ಲುವ ಗಾಳಿಗೆ ಕೊನೆಯಲ್ಲಿ ವಾಸನೆಯೇ ಇರುವುದಿಲ್ಲ. ಒಳಚರಂಡಿ ಸಾವಿಗೆ 10 ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. ಇಳಿಸಬೇಡಿ ಎಂದೂ ಹೇಳಿತು. ಇಳಿಸುವುದು ಇನ್ನೂ ನಡೆಯುತ್ತಲೇ ಉಂಟು.

ತಲೆ ಮೇಲಿನ ಬುಟ್ಟಿ ಹೋಗಿ ಲಾರಿ ಬಂತು. ಲಾರಿ ಎಲ್ಲಿಗೆ ಹೋಗುತ್ತದೆ? ಪಚ್ಚನಾಡಿಗೆ. ಪಿಲಿಕುಳದ ಹಸಿರು ನೋಡಲು ಭಾನುವಾರ ವಾಮಂಜೂರಿಗೆ ಹೋಗುವವರು ಅಲ್ಲಿಂದ ಹೆಚ್ಚು ದೂರವಿಲ್ಲದ ಈ ಗುಡ್ಡವನ್ನೂ ಒಮ್ಮೆ ನೋಡಬೇಕು. ದಿನಕ್ಕೆ ಸುಮಾರು 300 ಟನ್ ಕಸ ಮಾಡುವ ಊರು ನಮ್ಮದು. 2019ರ ಆಗಸ್ಟ್‌ನ ಮಳೆಗೆ ಆ ಕಸದ ಗುಡ್ಡವೇ ಜಾರಿ ಕೆಳಗಿನ ಮಂದಾರಕ್ಕೆ ನುಗ್ಗಿತು. ಅಡಿಕೆ ತೋಟ, ತೆಂಗಿನ ತೋಟ, ಮನೆ, ದೈವಸ್ಥಾನ, ಬಾವಿ ಎಲ್ಲ ಕಸದಡಿ. 20ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಕಸ ಜಾತಿ ಕೇಳಿ ಜಾರಲಿಲ್ಲ. ದೂರ ಸಾಗಿಸಿದರೆ ಮುಗಿಯಿತು ಎನ್ನುವ ನೂರೈವತ್ತು ವರ್ಷದ ಲೆಕ್ಕಾಚಾರ ಒಂದು ದಿನ ಎಲ್ಲರ ತೋಟಕ್ಕೂ ಬಂತು. 2023ರ ಜನವರಿಯಲ್ಲಿ ಅದೇ ಪಚ್ಚನಾಡಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿತು.

ಈ ಬೆಂಕಿ ಹೇಗೆ ಬೀಳುತ್ತದೆ ಗೊತ್ತುಂಟಾ? ಯಾರೋ ಬೀಡಿ ಎಸೆದರು ಅನ್ನುವುದು ಸುಲಭದ ಉತ್ತರ. ನಮ್ಮ ನಿಮ್ಮ ಮನೆಯ ಅನ್ನ, ಮೀನಿನ ತಲೆ, ತರಕಾರಿ ಸಿಪ್ಪೆ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಹೋಗುತ್ತದೆ. ಅದರ ಮೇಲೆ ಇನ್ನಷ್ಟು ಕಸ ಬೀಳುತ್ತದೆ. ಗಾಳಿಯಾಡದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಇದೇ. ಒಂದು ಕಿಡಿ ಸಾಕು, ಪಕ್ಕದ ಪ್ಲಾಸ್ಟಿಕ್ಕಿಗೂ ಹತ್ತುತ್ತದೆ. ಮೇಲಿಂದ ನೀರು ಬಿಟ್ಟರೆ ಮೇಲೆ ಆರುತ್ತದೆ, ಒಳಗೆ ದಿನಗಟ್ಟಲೆ ಬೇಯುತ್ತದೆ. ಅಂದರೆ ಪಚ್ಚನಾಡಿಯ ಹೊಗೆಯ ಅರ್ಧ ಕಾರಣ ನಮ್ಮ ಅಡುಗೆಮನೆಯ ಬಕೆಟ್‌ನಲ್ಲಿ ಉಂಟು. ಹಸಿ ಕಸ ಅಲ್ಲಿಗೆ ಹೋಗದಿದ್ದರೆ ಮೀಥೇನ್ ಹುಟ್ಟಲು ಏನೂ ಇರುವುದಿಲ್ಲ.

ಕಸ ಬೇರ್ಪಡಿಸಿ ಕೊಡಿ ಎನ್ನುವ ಕಾನೂನಿನ ಹಿಂದೆಯೂ ಒಂದು ಕನ್ನಡನಾಡಿನ ಕತೆ ಉಂಟು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ 2000ದ ಘನತ್ಯಾಜ್ಯ ನಿಯಮ ಬಂತು, 2016ರಲ್ಲಿ ಹೊಸ ನಿಯಮ ಬಂತು. ಅದೇ ಕೇಸಿನಲ್ಲಿ 2016ರ ಡಿಸೆಂಬರ್ 22ರಂದು ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸುಮ್ಮನೆ ಸುಟ್ಟರೆ 5,000, ರಾಶಿ ಹಾಕಿ ಸುಟ್ಟರೆ 25,000 ರೂಪಾಯಿ ದಂಡ. ನಮ್ಮೂರಲ್ಲಿ ಬೆಳಿಗ್ಗೆ ಆರು ಗಂಟೆಗೆ ಎದ್ದು ಒಂದು ಸುತ್ತು ಹೋಗಿ ನೋಡಿ, ಎಷ್ಟು ಕಡೆ ರಸ್ತೆ ಬದಿ ಎಲೆ, ಪ್ಲಾಸ್ಟಿಕ್ ಒಟ್ಟಿಗೆ ಉರಿಯುತ್ತದೆ ಅಂತ. ಬೆಂಕಿ ಕೊಟ್ಟವನು ಪೌರಕಾರ್ಮಿಕ ಎಂದು ಬೈಯುವ ಮೊದಲು ಕೇಳಿ, ಸಾಗಿಸಲು ಅವನಿಗೆ ಗಾಡಿ ಕೊಟ್ಟಿದ್ದಾರಾ? ಎಷ್ಟು ಉದ್ದದ ರಸ್ತೆ ಒಬ್ಬನ ಪಾಲಿಗೆ ಉಂಟು? ಆ ಹೊಗೆಯ ಮೊದಲ ಉಸಿರು ಅವನದ್ದೇ.

ಇನ್ನು ಕೈಗಾರಿಕೆ. ಪಣಂಬೂರಿನ ಬಂದರು 1974ರಲ್ಲಿ ದೇಶದ ಒಂಬತ್ತನೇ ದೊಡ್ಡ ಬಂದರಾಯಿತು. ಗೊಬ್ಬರದ ಕಾರ್ಖಾನೆ 1976ರಲ್ಲಿ ಉತ್ಪಾದನೆ ಶುರು ಮಾಡಿತು. ತೈಲ ಶುದ್ಧೀಕರಣ ತೊಂಬತ್ತರ ದಶಕದಲ್ಲಿ. ಹಗಲು ಕಡಲ ಕಡೆಯಿಂದ ಗಾಳಿ ಬೀಸುತ್ತದೆ, ಹೊಗೆ ಪೂರ್ವಕ್ಕೆ ಹೋಗುತ್ತದೆ. ಜೋಕಟ್ಟೆಯ ಜನ 2014ರ ನಂತರ ಎಂಆರ್‌ಪಿಎಲ್‌ನ ಕೋಕ್ ಘಟಕದ ಕಪ್ಪು ಹುಡಿಯ ವಿರುದ್ಧ ವರ್ಷಗಟ್ಟಲೆ ಬೀದಿಗಿಳಿದರು. ಒಗೆದು ಹಾಕಿದ ಬಟ್ಟೆ, ಬಾವಿಕಟ್ಟೆ, ಮನೆಯ ನೆಲ ಎಲ್ಲ ಕಪ್ಪು ಎಂದು ಕೈ ಒರೆಸಿ ತೋರಿಸಿದರು. ಅಂಕಿ ಅಂಶ ಕೇಳುವ ಅಧಿಕಾರಿಗಳಿಗೆ ಅವರ ಕೈಯೇ ಸಾಕ್ಷಿ. ಈಗ ನೀವು ಮೊಬೈಲ್‌ನಲ್ಲಿ ಕೇಂದ್ರ ಮಾಲಿನ್ಯ ಮಂಡಳಿಯ ಸಮೀರ್ ಆ್ಯಪ್ ತೆರೆದು ಮಂಗಳೂರು ಎಂದು ನೋಡಿದರೆ ಕದ್ರಿಯ ಗಾಳಿಯ ಅಂಕಿ ಬರುತ್ತದೆ. ಕದ್ರಿ ಗುಡ್ಡದ ಗಾಳಿಯಲ್ಲಿ ಜೋಕಟ್ಟೆಯೂ ಇಲ್ಲ, ಪಚ್ಚನಾಡಿಯೂ ಇಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಶುದ್ಧ ಗಾಳಿ ಕಾರ್ಯಕ್ರಮ ತಂದಾಗ ಕರ್ನಾಟಕದಿಂದ ಸೇರಿಸಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ನಾಲ್ಕೇ. ಕಡಲ ಗಾಳಿ ಇರುವ ಊರಿಗೆ ಚಿಂತೆ ಬೇಡ ಎಂದು ನಾವೂ ಸುಮ್ಮನಿದ್ದೇವೆ.

ಇನ್ನು ಮನೆಯೊಳಗೆ ಬರೋಣ. ಇಲ್ಲಿ ನಾವು ಗಂಡಸರು ಸ್ವಲ್ಪ ತಲೆ ತಗ್ಗಿಸಿ ಓದಬೇಕು. ಕಟ್ಟಿಗೆ, ಸೆಗಣಿ, ಇದ್ದಿಲಿನ ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 2,37,000ಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಹೊಗೆಯಲ್ಲಿರುವ ಪಿಎಂ 2.5 ಅನ್ನುವ ಕಣ ಎಷ್ಟು ಸಣ್ಣದೆಂದರೆ ನಮ್ಮ ತಲೆಕೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಮೂಗಿನ ಕೂದಲು ತಡೆಯುವುದಿಲ್ಲ, ಶ್ವಾಸಕೋಶದ ತುದಿಗೆ ಹೋಗಿ ರಕ್ತಕ್ಕೂ ಸೇರುತ್ತದೆ. ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40. ನಮ್ಮ ಶ್ವಾಸಕೋಶ ಎಂಟು ಪಟ್ಟು ಗಟ್ಟಿ ಎಂದು ಯಾರು ಪರೀಕ್ಷೆ ಮಾಡಿದರೋ ಗೊತ್ತಿಲ್ಲ.

ಈ ಜಿಲ್ಲೆಯ ಬಡ ಮನೆಗಳಲ್ಲಿ ಇನ್ನೊಂದು ಹುಡಿ ಉಂಟು. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ನಿಮ್ಮಲ್ಲಿ ಅರ್ಧ ಜನರ ಅಮ್ಮ, ಅಕ್ಕ ಕಟ್ಟಿರಬಹುದು. ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ. ಮಳೆಗಾಲದಲ್ಲಿ ಎಲೆ ಹಾಳಾಗಬಾರದು ಎಂದು ಬಾಗಿಲು ಹಾಕಿ, ಒಲೆಯ ಹತ್ತಿರ ಕೂತು ಕಟ್ಟುವುದು. ಕಟ್ಟಿದ ಬೀಡಿಯನ್ನು ಒಲೆಯ ಬಿಸಿಗೇ ಇಡುವುದು. ಅಂದರೆ ಒಂದೇ ಕೋಣೆಯಲ್ಲಿ ಕಟ್ಟಿಗೆ ಹೊಗೆ, ಹೊಗೆಸೊಪ್ಪಿನ ಹುಡಿ, ಪಕ್ಕದಲ್ಲಿ ಮಗು. ಬೀಡಿ ಕಾರ್ಮಿಕರ ಕಾಯ್ದೆ 1966ರಲ್ಲೇ ಬಂತು. ಆದರೆ ಮನೆಯನ್ನೇ ಕಾರ್ಖಾನೆ ಮಾಡಿದ ಮೇಲೆ ಕಾರ್ಖಾನೆಗೆ ಕಿಟಕಿ ಬೇಕು, ಫ್ಯಾನ್ ಬೇಕು ಎಂದು ಕೇಳುವುದು ಯಾರ ಹತ್ತಿರ? ಆ ಬೀಡಿಯ ದುಡ್ಡಲ್ಲೇ ನಾನು ಬಿಎ ಓದಿದ್ದು. ಅಮ್ಮನ ಕೆಮ್ಮು ನಮಗೆ ಮನೆಯ ಗಡಿಯಾರದ ಶಬ್ದದ ಹಾಗೆ, ಇತ್ತು ಅಷ್ಟೆ, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಒಲೆಯ ಹೊಗೆಗೆ ಪರಿಹಾರವೂ ಕರ್ನಾಟಕದಲ್ಲೇ ಹುಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಕುಣಿಗಲ್ ತಾಲೂಕಿನ ಉಂಗ್ರ ಹಳ್ಳಿಯಲ್ಲಿ ಕೂತು ಕೆಲಸ ಮಾಡಿದರು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮಣ್ಣು, ಇಟ್ಟಿಗೆಯ ಒಲೆ, ಒಳಗೆ ಕಬ್ಬಿಣದ ಜಾಲರಿ, ಹೊಗೆ ಹೋಗಲು ಕೊಳವೆ. ಕಟ್ಟಿಗೆಯೂ ಕಡಿಮೆ, ಹೊಗೆಯೂ ಹೊರಗೆ. ರಾಕೆಟ್ ಹಾರಿಸುವ ಕಾಲದಲ್ಲಿ ಒಬ್ಬ ವಿಜ್ಞಾನಿ ಒಲೆಯ ಬಗ್ಗೆ ಯೋಚಿಸಿದ್ದು ದೊಡ್ಡ ಮಾತು. 2016ರ ಮೇ 1ರಂದು ಉಜ್ವಲಾ ಬಂತು, ಬಡವರ ಮನೆಗೂ ಸಿಲಿಂಡರ್ ಬಂತು. ಬಂದದ್ದು ಒಳ್ಳೆಯದೇ, ಅದನ್ನು ಯಾರು ತಂದರೂ ಒಳ್ಳೆಯದೇ. ಆದರೆ ಮೊದಲ ಸಿಲಿಂಡರ್ ಮುಗಿದ ಮೇಲೆ ಎರಡನೆಯದಕ್ಕೆ ದುಡ್ಡು ಎಲ್ಲಿಂದ? ಎಷ್ಟೋ ಮನೆಗಳಲ್ಲಿ ಗ್ಯಾಸ್ ಚಹಾಕ್ಕೆ, ಕಟ್ಟಿಗೆ ಒಲೆ ಕುಚ್ಚಲಕ್ಕಿ ಅನ್ನಕ್ಕೆ. ಕುಚ್ಚಲಕ್ಕಿ ಬೇಯಲು ಎಷ್ಟು ಹೊತ್ತು ಬೇಕು ಎಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ.

ಹಾಗಾದರೆ ನಾವು ಎಂತ ಮಾಡುವುದು? ಇಲ್ಲಿ ನಮ್ಮ ಸಂಗಾತಿಗಳಲ್ಲೇ ಎರಡು ಮಾತು ಉಂಟು. ಕೆಲವರು ಹೇಳ್ತಾರೆ, ನೀನು ಮನೆಯಲ್ಲಿ ಕಸ ಬೇರೆ ಮಾಡಿದರೆ ಕಾರ್ಖಾನೆ ಚಿಮಿಣಿ ನಿಲ್ಲುತ್ತದಾ, ಇದೆಲ್ಲ ದೊಡ್ಡವರು ನಮ್ಮ ತಲೆಗೆ ಕಟ್ಟುವ ಉಪದೇಶ ಎಂದು. ಅರ್ಧ ಸತ್ಯ. ವಾಟ್ಸ್ಆ್ಯಪಿನಲ್ಲಿ ತಿರುಗುವ 'ಶುದ್ಧ ಗಾಳಿಗೆ ಹತ್ತು ಸೂತ್ರ'ಗಳನ್ನು ನೋಡಿದರೆ ನನಗೂ ಸಿಟ್ಟು ಬರುತ್ತದೆ. ಏರ್ ಪ್ಯೂರಿಫೈಯರ್ ತಗೊಳ್ಳಿ, ಮನೆಯೊಳಗೆ ಮನಿಪ್ಲಾಂಟ್ ಇಡಿ. ಗಿಡ ಗಾಳಿ ಶುದ್ಧ ಮಾಡುತ್ತದೆ ಎನ್ನುವುದು 1989ರಲ್ಲಿ ನಾಸಾದವರು ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡಿದ ಪ್ರಯೋಗ. ಕಿಟಕಿ ತೆರೆದಷ್ಟು ಉಪಯೋಗ ಆಗಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕಾಗುತ್ತದೆ ಎಂದು 2019ರಲ್ಲಿ ಲೆಕ್ಕ ಹಾಕಿದವರು ಹೇಳಿದ್ದಾರೆ. ಗಿಡ ಇಡಿ, ಚಂದಕ್ಕೆ ಇಡಿ. ಕಿಟಕಿ ತೆರೆಯಿರಿ.

ಆದರೆ ಉಳಿದರ್ಧ ಸತ್ಯವೂ ಉಂಟು. ನಾನು ಬೇರ್ಪಡಿಸದೆ ಎಸೆದ ಚೀಲವನ್ನು ಬಿಚ್ಚುವ ಕೈ ಯಾರದ್ದು? ಅದು ಹತ್ತಿ ಉರಿದಾಗ ಮೊದಲು ಉಸಿರಾಡುವವರು ಯಾರು? ಕಾರ್ಖಾನೆ ಚಿಮಿಣಿಗೆ ಹೋರಾಟ ಬೇಕು. ಈ ಚೀಲಕ್ಕೆ ಹೋರಾಟವೂ ಬೇಡ, ಎರಡು ಬಕೆಟ್ ಸಾಕು. ಜೈ ಭೀಮ್ ಎಂದು ಘೋಷಣೆ ಕೂಗಿ ಮನೆಗೆ ಹೋಗಿ ಎಲ್ಲ ಕಸ ಒಂದೇ ಚೀಲದಲ್ಲಿ ಕಟ್ಟಿ ಕೊಡುವವನು, ಯಾವ ಜಾತಿಯವನೇ ಇರಲಿ, ತನ್ನ ಮೈಲಿಗೆಯನ್ನು ಇನ್ನೊಬ್ಬರ ಕೈಗೆ ದಾಟಿಸುತ್ತಿದ್ದಾನೆ. ನಮ್ಮವರಲ್ಲೂ ನೌಕರಿ ಹಿಡಿದು ಫ್ಲ್ಯಾಟ್ ಸೇರಿದವರಿದ್ದೇವೆ. ನಾವೂ ಈಗ ಚೀಲ ಕಟ್ಟುವ ಕಡೆ ಇದ್ದೇವೆ, ಬಿಚ್ಚುವ ಕಡೆ ಅಲ್ಲ.

ನಾನು ಹೇಳುವುದು ದುಡ್ಡು ಬೇಡದ, ಅಥವಾ ದುಡ್ಡು ಉಳಿಸುವ ನಾಲ್ಕೈದು ಕೆಲಸ.

ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕಬೇಡಿ. ನಮ್ಮ ಜಿಲ್ಲೆಯಲ್ಲಿ ಬೆಂಕಿ ಹತ್ತಿಸಲು ಹಾಲಿನ ತೊಟ್ಟೆ, ಚಪ್ಪಲಿ ತುಂಡು ಹಾಕುವುದು ಹಳೇ ಅಭ್ಯಾಸ. ಕಡಿಮೆ ಶಾಖದಲ್ಲಿ ಉರಿದ ಪ್ಲಾಸ್ಟಿಕ್‌ನಿಂದ, ಮುಖ್ಯವಾಗಿ ಪಿವಿಸಿಯಿಂದ, ಡಯಾಕ್ಸಿನ್ ಎಂಬ ವಿಷ ಬರುತ್ತದೆ. ಒಣ ಗೆರಟೆ, ಮಡಲು, ಕೊತ್ತಳಿಗೆ ಸಾಕು. ಒದ್ದೆ ಕಟ್ಟಿಗೆ ಹೆಚ್ಚು ಹೊಗೆ, ಮಳೆಗಾಲಕ್ಕೆ ಮೊದಲೇ ಒಣಗಿಸಿ ಇಡಿ.

ಸೊಳ್ಳೆ ಬತ್ತಿ ಬಿಡಿ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಬಾಗಿಲು ಹಾಕಿ, ಮಗುವಿನ ಮಂಚದ ಕೆಳಗೆ ಬತ್ತಿ ಇಡುವವರು ಇದನ್ನು ಎರಡು ಸಲ ಓದಿ. ಮಲೇರಿಯಾದ ಊರಿಗೆ ಸೊಳ್ಳೆ ಪರದೆ ಒಳ್ಳೆಯದು. ಮತ್ತೆ ಕಟ್ಟುತ್ತಿರುವ ಫ್ಲ್ಯಾಟುಗಳ ನಿಂತ ನೀರಿನ ಬಗ್ಗೆ ಪಾಲಿಕೆಗೆ ದೂರು ಕೊಡಿ. ನಮ್ಮೂರಿನ ಮಲೇರಿಯಾ ಸೊಳ್ಳೆ ಬೆಳೆಯುವುದು ಕೇರಿಯ ಚರಂಡಿಯಲ್ಲಲ್ಲ, ಅಂಥ ಟ್ಯಾಂಕಿಯ, ತಾರಸಿಯ ಶುದ್ಧ ನೀರಿನಲ್ಲಿ. ಕೆಟ್ಟ ಗಾಳಿಯ ಕಾಯಿಲೆ ಎಂದು ನಮ್ಮ ಕೇರಿಗೆ ಕೈ ತೋರಿಸಿದವರಿಗೆ ಇದನ್ನೂ ಹೇಳಿ.

ಹಸಿ ಕಸ, ಒಣ ಕಸ, ಮನೆಯ ಅಪಾಯದ ಕಸ ಮೂರೂ ಬೇರೆ. ಪ್ಯಾಡ್, ಡೈಪರ್, ಬ್ಲೇಡ್, ಗ್ಲಾಸ್ ಪೇಪರಿನಲ್ಲಿ ಸುತ್ತಿ ಗುರುತು ಹಾಕಿ ಕೊಡಿ. ಹಿತ್ತಲು ಇದ್ದವರು ಹಸಿ ಕಸವನ್ನು ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ಎಲೆ ಸುಡಬೇಡಿ, ಅದೂ ಗೊಬ್ಬರವೇ.

ಬೀಡಿ ಕಟ್ಟುವ ಮನೆಯಲ್ಲಿ ಬಾಗಿಲ ಹತ್ತಿರ, ಒಲೆಯಿಂದ ದೂರ ಕೂರಲು ಜಾಗ ಮಾಡಿಕೊಡಿ. ಮಗುವನ್ನು ಇನ್ನೊಬ್ಬರು ಎತ್ತಿಕೊಳ್ಳಿ. ಮನೆಯೊಳಗೆ ಸೇದಬೇಡಿ.

ಆಗುವಲ್ಲಿ ಬಸ್ಸಿನಲ್ಲಿ ಹೋಗಿ. ಹೌದು, 2023ರ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಸಿಟಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅದಕ್ಕೆ ಸಿಟಿಯೊಳಗೆ ಸರ್ಕಾರಿ ಬಸ್ ಹೆಚ್ಚಿಸಿ ಎಂದು ಕೇಳುವುದೂ ಗಾಳಿಯ ಹೋರಾಟವೇ.

ಇದೆಲ್ಲ ನಮ್ಮ ಪಾಲಿನದ್ದು. ಇನ್ನು ಅವರ ಪಾಲಿನದ್ದು. ಶುದ್ಧ ಗಾಳಿ, ಶುದ್ಧ ನೀರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಉಂಟು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಸುಭಾಷ್ ಕುಮಾರ್ ಕೇಸಿನಲ್ಲಿ ಹೇಳಿದೆ. ಹಾಗಾಗಿ ನಾವು ಬೇಡುವುದಲ್ಲ, ಕೇಳುವುದು. ಗಾಳಿ ಅಳೆಯುವ ಯಂತ್ರ ಜೋಕಟ್ಟೆಯಲ್ಲೂ ಪಚ್ಚನಾಡಿಯಲ್ಲೂ ಇರಲಿ, ಅದರ ಅಂಕಿ ದಿನಾ ಜನರಿಗೆ ಕಾಣಲಿ. ಪೌರಕಾರ್ಮಿಕರಿಗೆ ಕಣ ತಡೆಯುವ ಸರಿಯಾದ ಮಾಸ್ಕ್ ಮತ್ತು ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ ಸಿಗಲಿ. ಎಲೆ ಸಾಗಿಸಲು ಗಾಡಿ ಕೊಡಿ, ಆಮೇಲೆ ದಂಡದ ಮಾತಾಡಿ. ಬಡ ಮನೆಯ ಎರಡನೇ ಸಿಲಿಂಡರಿಗೆ ದಾರಿ ಮಾಡಿ. ಗುಂಡಿಗೆ ಮನುಷ್ಯರನ್ನು ಇಳಿಸಬೇಡಿ.

ಮುಂದಿನ ವಾರ್ಡ್ ಸಭೆಗೆ ಹೋಗುವವರು ಈ ಐದನ್ನು ಒಂದು ಹಾಳೆಯಲ್ಲಿ ಬರೆದು, ಹತ್ತು ಸಹಿ ಹಾಕಿಸಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು ಮರೆಯಬೇಡಿ. ನಾನು ಗುಮಾಸ್ತ, ಕಚೇರಿಯಲ್ಲಿ ಮುದ್ರೆ ಇಲ್ಲದ ಅರ್ಜಿಯ ಗತಿ ಎಂತ ಎಂದು ನನಗೆ ಗೊತ್ತುಂಟು. ಅರ್ಜಿಯ ಮಾದರಿ ಬೇಕಾದವರು ಕಮೆಂಟಿನಲ್ಲಿ ಹೇಳಿ, ಬರೆದು ಹಾಕ್ತೇನೆ.

ಜೈ ಭೀಮ್.